ಧೂಳು ಇರಲಿ, ತುಕ್ಕು ಬೇಡ

ಯುದ್ಧದ ಟ್ಯಾಂಕಿನ ಸಣ್ಣ ಮಾದರಿ ಮಾಡಿ ಬಣ್ಣ ಹಚ್ಚುವ ಹವ್ಯಾಸಕ್ಕೆ ಬಹಳ ವರ್ಷದ ಮೇಲೆ ಮರಳಿದ್ದೇನೆ. ಗೊತ್ತಾದವರೆಲ್ಲ ಎರಡೇ ಪ್ರಶ್ನೆ ಕೇಳುತ್ತಿದ್ದಾರೆ. ಎಷ್ಟು ಖರ್ಚಾಯ್ತು, ಈ ವಯಸ್ಸಿನಲ್ಲಿ ಇದೇನು ಹುಡುಗಾಟ. ಖರ್ಚಿನ ಮಾತು ಬೇಗ ಮುಗಿಯುತ್ತದೆ: ಒಂದು ಒಳ್ಳೆ ಕಿಟ್ಟಿಗೆ, ಅಂದರೆ ಜೋಡಿಸುವ ಬಿಡಿ ತುಂಡುಗಳ ಡಬ್ಬಿಗೆ, ಕೆಲವು ಸಾವಿರ, ಅದು ತಿಂಗಳುಗಟ್ಟಲೆ ಕೈಗೆ ಕೆಲಸ ಕೊಡುತ್ತದೆ. ಎರಡನೇ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಬರೆಯಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯುದ್ಧದ ಗಾಡಿಯ ಮಾದರಿ ಮಾಡುವುದಾದರೆ ಅದು ಯಾವುದೋ ಒಂದು ನಿಜವಾದ ಗಾಡಿಯ ಮಾದರಿಯೇ ಆಗಿರಬೇಕು. ಇಂಥ ರೆಜಿಮೆಂಟು, ಇಂಥ ಊರು, ಇಂಥ ದಿನ ಅಂತ ಹೇಳಲು ಬರಬೇಕು. ಆ ದಿನ ಆ ಗಾಡಿಯ ಮೇಲೆ ಏನಿತ್ತೋ ಅದಷ್ಟೇ ಇರಬೇಕು. ಸುಮ್ನೆ ಚಂದ ಕಾಣಲಿ ಅಂತ ಬಳಿದ ತುಕ್ಕು, ಕೆರೆದ ಬಣ್ಣ, ಎರಚಿದ ಕೆಸರು ನನಗೆ ಒಪ್ಪಿಗೆ ಇಲ್ಲ.

ಚಿಕ್ಕವನಿದ್ದಾಗ ನಮ್ಮ ಮಾಮಾ ಪರದೇಶದಿಂದ ಏರ್‌ಫಿಕ್ಸ್ ಕಂಪನಿಯ ಡಬ್ಬಿ ತಂದುಕೊಟ್ಟಿದ್ದರು. ಅಂಗೈ ಮೇಲೆ ಕೂರುವಷ್ಟು ಸಣ್ಣ ಟ್ಯಾಂಕು, 1/76 ಅಳತೆ. ಆಮೇಲೆ ಓದು, ನೌಕರಿ, ಮದುವೆ, ಮನೆ ಸಾಲ. ಇದರಲ್ಲಿ ವಿಶೇಷ ಏನಿಲ್ಲ, ಎಲ್ಲರದೂ ಇದೇ ಕತೆ ಅಲ್ವಾ. ಈಗ ಸಂಜೆ ಸ್ವಲ್ಪ ಹೊತ್ತು ಸಿಗುತ್ತದೆ, ಕಣ್ಣು ಇನ್ನೂ ಚೆನ್ನಾಗಿದೆ, ಕೈ ನಡುಗುವುದಿಲ್ಲ. ಈಗಲ್ಲದೆ ಇನ್ನು ಯಾವಾಗ ಅಂತ ಶುರು ಮಾಡಿದೆ.

ಈಗ ಮಾಡುತ್ತಿರುವುದು 1/35 ಅಳತೆಯಲ್ಲಿ. ನಿಜವಾದ ಗಾಡಿಯ ಮೂವತ್ತೈದನೇ ಒಂದು ಭಾಗ. ಈ ಸಂಖ್ಯೆ ಎಲ್ಲಿಂದ ಬಂತು ಅಂತ ಹುಡುಕಿದಾಗ ಖುಷಿಯಾಯಿತು. ಜಪಾನಿನ ಶಿಜುವೊಕಾದ ಟಾಮಿಯಾ ಕಂಪನಿ ಮೊದಲು ಮರದ ವ್ಯಾಪಾರ ಮಾಡುತ್ತಿತ್ತು. 1960ರ ದಶಕದ ಆರಂಭದಲ್ಲಿ ಅವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಓಡುವ ಮಾದರಿ ಮಾಡಿದರು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು, ಅದಕ್ಕೆ ತಕ್ಕಂತೆ ಗಾತ್ರ ಇಟ್ಟರು. ಆಮೇಲೆ ಅಳೆದು ನೋಡಿದರೆ ಹೆಚ್ಚುಕಡಿಮೆ 1/35 ಬಂತು. ಅದೇ ಇಂದು ಜಗತ್ತಿನಾದ್ಯಂತ ಸೇನಾ ಗಾಡಿಗಳ ಮಾದರಿಯ ಅಳತೆ. ಈ ಲೆಕ್ಕದಲ್ಲಿ ಐದೂವರೆ ಅಡಿ ಆಳು ಸುಮಾರು ಐದು ಸೆಂಟಿಮೀಟರ್ ಎತ್ತರ ಇರುತ್ತಾನೆ.

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದನ್ನು ಮಾದರಿ ಮಾಡುವವರೆಲ್ಲ ಮೇಜಿನ ಮುಂದೆ ಬರೆದು ಅಂಟಿಸಿಕೊಳ್ಳಬೇಕು. ಮಾದರಿಯ ಮೇಲೆ ಒಂದು ಮಿಲಿಮೀಟರ್ ಅಂದರೆ ನಿಜವಾದ ಗಾಡಿಯ ಮೇಲೆ ಮೂರೂವರೆ ಸೆಂಟಿಮೀಟರ್. ಸ್ಪಂಜಿನ ತುದಿಯಿಂದ ಕಂದು ಬಣ್ಣ ಒತ್ತಿ "ಬಣ್ಣ ಕಿತ್ತು ಹೋಗಿದೆ" ಅಂತ ತೋರಿಸುತ್ತಾರಲ್ಲ, ಮೂರು ಮಿಲಿಮೀಟರಿನ ಆ ಚುಕ್ಕೆ ನಿಜದಲ್ಲಿ ಹತ್ತು ಸೆಂಟಿಮೀಟರಿನ ಗಾಯ. ಅಂಥವು ಇಡೀ ಟ್ಯಾಂಕಿನ ಮೇಲೆ! ಈಗ ಇಂಟರ್‌ನೆಟ್ಟಿನಲ್ಲಿ ಮೆಚ್ಚುಗೆ ಪಡೆಯುವ ಎಷ್ಟೋ ಮಾದರಿಗಳು ಹೀಗೇ ಇವೆ. ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ವರ್ಷಗಟ್ಟಲೆ ಗುಜರಿಯಲ್ಲಿ ಬಿದ್ದ ಗಾಡಿಯ ಮೈ ಅದು, ಬೆಳಿಗ್ಗೆ ಎದ್ದು ಯುದ್ಧಕ್ಕೆ ಹೊರಟ ಗಾಡಿಯದ್ದಲ್ಲ.

ನಮ್ಮ ಓಣಿಯಲ್ಲಿ ಸೈನ್ಯದಿಂದ ನಿವೃತ್ತರಾದ ದಫೇದಾರರೊಬ್ಬರಿದ್ದಾರೆ. ಹುಬ್ಬಳ್ಳಿಯ ನವನಗರಕ್ಕೆ ಬಂದಾಗಿನಿಂದ ಪರಿಚಯ, ನಾವೆಲ್ಲ ಕಾಕಾ ಅನ್ನುತ್ತೇವೆ. ಚೆನ್ನೈ ಹತ್ತಿರದ ಆವಡಿಯಲ್ಲಿ ತಯಾರಾದ ವಿಜಯಂತ ಟ್ಯಾಂಕು ಓಡಿಸಿದವರು. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಒಂದು ತುಕ್ಕು ಹಿಡಿದ ಮಾದರಿಯ ಫೋಟೋ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿ ಹೇಳಿದರು: "ಅಲ್ಲೋ ತಮ್ಮಾ, ಗಾಡಿಗೆ ಹಿಂಗ ತುಕ್ಕು ಹಿಡಿಯೂತನಕ ಬಿಟ್ಟಿದ್ರ ನಮ್ಮನ್ನ ಯಾರು ಬಿಡತಿದ್ರು? ಊಟ ತಡಾ ಆದ್ರೂ ನಡೀತಿತ್ತು, ಗಾಡಿ ಒರಸೂದು ತಪ್ಪತಿರಲಿಲ್ಲ." ಆಮೇಲೆ ನನ್ನ ಮಾದರಿಯನ್ನು ಕೈಗೆ ತೆಗೆದುಕೊಂಡು ತೋರುಬೆರಳಿನಿಂದ ಒಂದೊಂದೇ ಜಾಗ ತೋರಿಸಿದರು. ಹತ್ತುವಾಗ ಬೂಟು ಇಡುವ ಮುಂದಿನ ಮೂಲೆ. ಇಳಿಯುವಾಗ ಕೈ ಊರುವ ಮುಚ್ಚಳದ ಅಂಚು. ಇಂಧನ ತುಂಬುವ ಬಾಯಿಯ ಸುತ್ತ ಎಣ್ಣೆ ಚೆಲ್ಲಿ ಕಪ್ಪಾದ ಕಲೆ. "ಕಾಲು, ಕೈ ಎಲ್ಲಿ ಬೀಳತಾವ ಅಲ್ಲಿ ಬಣ್ಣ ಸವೀತದ. ಉಳದಿದ್ದಕ್ಕ ಬರೇ ಧೂಳು." ನಾಲ್ಕು ಜನ ದಿನಾ ಹತ್ತಿ ಇಳಿದರೆ ಗಾಡಿ ಎಲ್ಲಿ ಸವೆಯುತ್ತದೆ ಅನ್ನುವುದನ್ನು ಯಾವ ವಿಡಿಯೋವೂ ನನಗೆ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ತುಕ್ಕು ಪೂರ್ತಿ ಸುಳ್ಳು ಅಂತಲ್ಲ. ಸೈಲೆನ್ಸರಿನ ಬಣ್ಣ ಬಿಸಿಗೆ ಸುಟ್ಟುಹೋಗಿ ತುಕ್ಕು ಬರುತ್ತದೆ. ಉಕ್ಕಿನ ಚೈನು ಒಂದು ರಾತ್ರಿ ಇಬ್ಬನಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ, ಮರುದಿನ ಗಾಡಿ ಓಡಿದರೆ ನೆಲಕ್ಕೆ ತಾಗುವ ಭಾಗ ಮತ್ತೆ ಬೆಳ್ಳಗೆ ಹೊಳೆಯುತ್ತದೆ. ಬೆಂಕಿಗೆ ಸಿಕ್ಕ ಟ್ಯಾಂಕು ಬೇಗ ತುಕ್ಕು ಹಿಡಿಯುತ್ತದೆ, ಯಾಕೆಂದರೆ ಬಣ್ಣವೇ ಉಳಿದಿರುವುದಿಲ್ಲ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತಾಡದಲ್ಲಿ ಸೋತ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಭಿಖಿವಿಂಡ್ ಬಳಿ ಸಾಲಾಗಿ ತಂದು ನಿಲ್ಲಿಸಿದ್ದರು, ಆ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರಾಯಿತು. ಅವುಗಳಲ್ಲಿ ಸುಟ್ಟ ಒಂದು ಗಾಡಿ ಮಾಡುವವರು ಧಾರಾಳವಾಗಿ ತುಕ್ಕು ಹಚ್ಚಲಿ. ಅಲ್ಲಿ ಅದಕ್ಕೆ ಕಾರಣ ಇದೆ.

ಯಾವ ಗಾಡಿ ಮಾಡಬೇಕು ಅನ್ನುವುದೂ ಇದೇ ಮಾತಿಗೆ ಸೇರಿದ್ದು. ಕಿಟ್ ಮಾರುವ ಸೈಟು ತೆರೆದರೆ ಪುಟಗಟ್ಟಲೆ ಜರ್ಮನಿಯ ಟೈಗರ್, ಪ್ಯಾಂಥರ್. ಒಳ್ಳೆ ಕಿಟ್ಟುಗಳೇ. ಆದರೆ ನಮ್ಮವರು ಕೂತು ಹೋರಾಡಿದ ಗಾಡಿಗಳೂ ಕಿಟ್ಟಿನಲ್ಲಿ ಸಿಗುತ್ತವೆ ಅನ್ನುವುದು ಇಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಅಸಲ್ ಉತ್ತಾಡದಲ್ಲಿ ನಮ್ಮ ಕಡೆ ಮೂರು ಬಗೆ ಟ್ಯಾಂಕು ಇದ್ದವು: 3 ಕ್ಯಾವಲ್ರಿ ಅನ್ನುವ ರೆಜಿಮೆಂಟಿನ ಸೆಂಚುರಿಯನ್, ಡೆಕ್ಕನ್ ಹಾರ್ಸ್‌ನ ಶರ್ಮನ್, 8 ಲೈಟ್ ಕ್ಯಾವಲ್ರಿಯ ಫ್ರೆಂಚ್ ಎಎಂಎಕ್ಸ್-13. ಮೂರೂ 1/35ರಲ್ಲಿ ಇವೆ. ಎದುರಿಗಿದ್ದ ಪ್ಯಾಟನ್ ಕೂಡ ಇದೆ, ಆದರೆ ಹುಷಾರು. ಟಾಮಿಯಾದ ಪ್ಯಾಟನ್ ಕಿಟ್ಟು ಎಂ48ಎ3, ಅದು ಡೀಸೆಲ್ ಎಂಜಿನ್ನಿನ ಮಾದರಿ. ಅಸಲ್ ಉತ್ತಾಡದ ಹತ್ತಿರದ ಖೇಮಕರಣಕ್ಕೆ ಬಂದ ಪ್ಯಾಟನ್‌ಗಳು ಪೆಟ್ರೋಲಿನವು, ಹಿಂಭಾಗದ ಎಂಜಿನ್ ಮುಚ್ಚಳ ಬೇರೆ ಥರ. ಡಬ್ಬಿಯಲ್ಲಿ ಬಂದದ್ದನ್ನು ಹಾಗೇ ಜೋಡಿಸಿ "ಅಸಲ್ ಉತ್ತಾಡ್" ಅಂತ ಹೆಸರಿಟ್ಟರೆ ಅದು ತಪ್ಪು ಗಾಡಿ.

ನಾನು ಆರಿಸಿಕೊಂಡದ್ದು ಒಂದು ಸೆಂಚುರಿಯನ್. ಹೆಸರು ಫಾಮಾಗುಸ್ತಾ. ಪೂನಾ ಹಾರ್ಸ್ ರೆಜಿಮೆಂಟು, 1971ರ ಡಿಸೆಂಬರ್ 16, ಪಾಕಿಸ್ತಾನದ ಶಕರಗಢದ ಬಸಂತರ್ ನದಿಯ ಆಚೆ ಜರ್ಪಾಲ್. ಒಳಗಿದ್ದವರು ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಮತ್ತು ಅವರ ಸಂಗಡಿಗರು. ಖೇತ್ರಪಾಲರಿಗೆ ಆಗ 21 ವರ್ಷ. ಗಾಡಿಗೆ ಬೆಂಕಿ ಹತ್ತಿತ್ತು, ಬಿಟ್ಟು ಹೊರಬರಲು ಮೇಲಿನಿಂದ ಹೇಳಿದರು. ತೋಪು ಇನ್ನೂ ಕೆಲಸ ಮಾಡುತ್ತಿದೆ ಅಂತ ಅವರು ಬರಲಿಲ್ಲ. ಪರಮವೀರ ಚಕ್ರ ಮರಣೋತ್ತರವಾಗಿ ಬಂತು. ಆ ದಿನ ಸಂಜೆಯೇ ಢಾಕಾದಲ್ಲಿ ಶರಣಾಗತಿಯ ಸಹಿ ಆಯಿತು. ಇಂಥ ಗಾಡಿಯ ಮೇಲೆ ಫ್ಯಾಷನ್ನಿಗೆ ಅಂತ ಒಂದು ಗೀರೂ ಎಳೆಯಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಡಬ್ಬಿಯಲ್ಲಿದ್ದ ಡಿಕಾಲ್ (ಗಾಡಿಯ ಮೇಲೆ ಅಂಟಿಸುವ ಗುರುತಿನ ಚಿತ್ರ) ಭಾರತದ್ದಲ್ಲ, ಹೆಸರನ್ನು ಕೈಯಲ್ಲೇ ಬರೆಯಬೇಕು. ಬಣ್ಣದ್ದು ಇನ್ನೊಂದು ತಲೆನೋವು. ಆಗಿನ ಫೋಟೋಗಳು ಹೆಚ್ಚಾಗಿ ಕಪ್ಪು ಬಿಳುಪು. ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಟ್ಯಾಂಕ್ ಮ್ಯೂಸಿಯಂನಲ್ಲಿ ಸೆಂಚುರಿಯನ್, ವಿಜಯಂತ, ಪ್ಯಾಟನ್ ಎಲ್ಲ ಇವೆ, ನಮ್ಮ ಕಡೆಯವರು ಶಿರಡಿಗೆ ಹೋಗುವಾಗ ಅರ್ಧ ದಿನ ಅಲ್ಲಿಳಿದು ನೋಡಬೇಕು. ಆಕಾರಕ್ಕೆ, ಅಳತೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಬಣ್ಣಕ್ಕೆ ಮಾತ್ರ ಅವನ್ನು ನಂಬಬಾರದು, ಬಯಲಲ್ಲಿ ನಿಂತ ಗಾಡಿಗಳಿಗೆ ಮೇಲಿಂದ ಮೇಲೆ ಹೊಸ ಬಣ್ಣ ಬಳಿದಿರುತ್ತಾರೆ.

ಮಣ್ಣಿನ ವಿಷಯ ಬಂದರೆ ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಧಾರವಾಡದ ಪಡುವಣಕ್ಕೆ ಕೆಂಪು ಮಣ್ಣು, ನವಲಗುಂದ ಅಣ್ಣಿಗೇರಿ ಕಡೆ ಕರಿ ಎರೆ. ಮಳೆಗಾಲದಲ್ಲಿ ನವಲಗುಂದ ರಸ್ತೆಯಲ್ಲಿ ಹೊಲದಿಂದ ಮೇಲೆ ಬಂದ ಟ್ರ್ಯಾಕ್ಟರ್ ಒಂದನ್ನು ನಿಂತು ನೋಡಿ. ಗಾಲಿಯ ಮೇಲೆ ನಿನ್ನೆಯ ಒಣಗಿದ ಮಣ್ಣು ಬೂದುಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿರುತ್ತದೆ. ಅದರ ಮೇಲೆ ಇವತ್ತಿನ ಹಸಿ ಮಣ್ಣು, ಕಡುಕಪ್ಪು. ಮಡ್‌ಗಾರ್ಡಿನ ಕೆಳಗೆ ಗಟ್ಟಿ, ಮೇಲೆ ಹೋದಂತೆ ಬರೀ ಸಿಡಿದ ಹನಿ, ಎಂಜಿನ್ ಹತ್ತಿರ ಬರೀ ಧೂಳು. ಟ್ಯಾಂಕಿನ ಮೇಲೂ ಮಣ್ಣು ಕೂರುವುದು ಇದೇ ಕ್ರಮದಲ್ಲಿ. ಬಣ್ಣ ಮಾತ್ರ ಊರಿನದ್ದೇ ಇರಬೇಕು. ಬಸಂತರ್ ದಂಡೆಯಲ್ಲಿ ನಮ್ಮ ಎರೆ ಇಲ್ಲ, ಅದು ನದಿ ತಂದು ಹಾಕಿದ ತಿಳಿ ಕಂದು ಮಣ್ಣು. ಹಾಗಾಗಿ ಕೆಸರು ಎಲ್ಲಿ ಹೇಗೆ ಅಂಟುತ್ತದೆ ಅನ್ನುವುದನ್ನು ನಮ್ಮ ಟ್ರ್ಯಾಕ್ಟರಿನಿಂದ ಕಲಿತು, ಬಣ್ಣವನ್ನು ಪಂಜಾಬಿನದ್ದು ಹಚ್ಚುತ್ತೇನೆ. ಮಣ್ಣನ್ನು ತೆಳು ಅರಿವೆಯಲ್ಲಿ ಸೋಸಿ ಸೋಸಿ ಹಿಟ್ಟಿನಷ್ಟು ನುಣ್ಣಗೆ ಮಾಡಬೇಕು. ಅರ್ಧ ಮಿಲಿಮೀಟರಿನ ಹರಳು ಉಳಿದರೂ ಅದು ಈ ಅಳತೆಯಲ್ಲಿ ಜಲ್ಲಿಕಲ್ಲು.

ಬಣ್ಣ ಸಿಂಪಡಿಸುವುದನ್ನು ಕಲಿತದ್ದು ಗಣಪತಿ ಮಾಡುವವರ ಹತ್ತಿರ. ಹಬ್ಬಕ್ಕೆ ಮುಂಚೆ ಹುಬ್ಬಳ್ಳಿಯಲ್ಲಿ ಒಬ್ಬರು ಸ್ಪ್ರೇ ಗನ್ನಿನಿಂದ ಮೂರ್ತಿಯ ಕೆನ್ನೆಗೆ ನೆರಳು ಕೊಡುತ್ತಿದ್ದರು. ಗಾಳಿಯನ್ನು ಮೂರ್ತಿಯಿಂದ ಆಚೆಯೇ ಶುರು ಮಾಡಿ, ಕೈಯನ್ನು ಒಂದೇ ವೇಗದಲ್ಲಿ ದಾಟಿಸಿ, ಆಚೆ ಹೋಗಿಯೇ ನಿಲ್ಲಿಸುತ್ತಿದ್ದರು. ಮೂರ್ತಿಯ ಮೇಲೇ ಶುರು ಮಾಡಿದರೆ ಮೊದಲ ಹನಿ ಕಲೆಯಾಗುತ್ತದೆ ಅಂದರು. ನನ್ನ ಸಣ್ಣ ಏರ್‌ಬ್ರಷ್ಷಿಗೂ ಅದೇ ನಿಯಮ. ಸಾಮಾನು ಕೂಡ ಇಲ್ಲೇ ಸಿಗುತ್ತದೆ: ಹಾರ್ಡ್‌ವೇರ್ ಅಂಗಡಿಯ ನೀರು ಹಚ್ಚಿ ತಿಕ್ಕುವ ಉಪ್ಪುಕಾಗದ, ಪತ್ತಾರರ ಚಿಮಟ, ಚಿತ್ರ ಬಿಡಿಸುವವರ ಎಣ್ಣೆ ಬಣ್ಣದ ಟ್ಯೂಬು. ಅಂಟು ಮಾತ್ರ ಪ್ಲಾಸ್ಟಿಕ್ಕಿನದ್ದೇ ಬೇಕು, ಅದು ಎರಡು ತುಂಡಿನ ಅಂಚನ್ನು ಕರಗಿಸಿ ಒಂದು ಮಾಡುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ಮೇಲೆ ಬೆಳ್ಳನೆ ಮಬ್ಬು ಕೂರುತ್ತದೆ, ಏಪ್ರಿಲ್ ಬಿಸಿಲಲ್ಲಿ ಅಕ್ರಿಲಿಕ್ ಬಣ್ಣ ಏರ್‌ಬ್ರಷ್ಷಿನ ಸೂಜಿಯ ತುದಿಯಲ್ಲೇ ಒಣಗುತ್ತದೆ. ದೀಪಾವಳಿಯಿಂದ ಶಿವರಾತ್ರಿವರೆಗೆ ಬಣ್ಣಕ್ಕೆ ಒಳ್ಳೆ ಕಾಲ, ಉಳಿದ ತಿಂಗಳು ಕತ್ತರಿಸಿ ಜೋಡಿಸುವ ಕೆಲಸ.

ಹುಡುಗಾಟ ಅನ್ನುವವರಿಗೆ ಒಂದು ಮಾತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಮೇಜಿನ ಮೇಲೆ ಇಡುವ ಆರಿಂಚಿನ ಧ್ವಜಕ್ಕೂ 21 ಅಡಿಯ ಧ್ವಜಕ್ಕೂ ಉದ್ದ ಅಗಲದ ಪ್ರಮಾಣ ಒಂದೇ, 3:2. ಸಣ್ಣದು ಅಂತ ಅಲ್ಲಿ ಯಾರೂ ಅಳತೆಯಲ್ಲಿ ರಿಯಾಯಿತಿ ಕೊಡುವುದಿಲ್ಲ. ನಾನೂ ಕೊಡುವುದಿಲ್ಲ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಎಷ್ಟೋ ಮನೆಗಳಲ್ಲಿ ಅಜ್ಜನೋ ಕಾಕಾನೋ ಸೈನ್ಯದಲ್ಲಿದ್ದವರು. 1965, 1971ರ ಸುಮಾರಿಗೆ ಟ್ಯಾಂಕು, ಜೀಪು, ಲಾರಿ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಟ್ರಂಕಿನಲ್ಲಿ ಇದ್ದರೆ ದಯವಿಟ್ಟು ತೆಗೆದು ನೋಡಿ. ಮುಖದ ಹಿಂದೆ ಗಾಡಿ ಎಷ್ಟು ಕಾಣುತ್ತದೋ ಅಷ್ಟು ಸಾಕು. ಮಡ್‌ಗಾರ್ಡಿನ ಒಂದು ಮೂಲೆ, ಬಿಳಿ ಬಣ್ಣದಲ್ಲಿ ಬರೆದ ನಂಬರು, ಹಿಂದೆ ಕಟ್ಟಿದ ಡಬ್ಬಿ, ಹಾಸಿಗೆ ಸುರುಳಿ, ಎಲ್ಲವೂ ಉಪಯೋಗಕ್ಕೆ ಬರುತ್ತದೆ. ಫೋಟೋ ಕೊಡಬೇಡಿ, ಸ್ಕ್ಯಾನ್ ಮಾಡಿಸಿ ಕಳಿಸಿ, ಅಂಗಡಿಯ ಖರ್ಚು ನನ್ನದು. ಹಿಂಬದಿಯಲ್ಲಿ ಊರು, ತಾರೀಕು ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡಿಸಿ. ಈಗ ಸೇವೆಯಲ್ಲಿ ಇರುವವರ ಫೋಟೋ ಮಾತ್ರ ಬೇಡ.