ಸ್ಪಷ್ಟನೆ: ‘ಪರಿಸರಸ್ನೇಹಿ’ ಅಂದರೆ ಮಾಸ್ಕ್ ಬೇಡ ಅಂತಲ್ಲ

‘ಕಾರ್ಖಾನೆ ಪರಿಸರಸ್ನೇಹಿ ದ್ರಾವಕಕ್ಕೆ ಬದಲಾದರೆ ಕಾರ್ಮಿಕರಿಗೆ ಮಾಸ್ಕ್, ಗ್ಲೌಸ್ ಬೇಕಾಗಿಲ್ಲ’ ಅನ್ನೋ ಮೆಸೇಜ್ ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ಹಂಚಿದ್ದೆ. ಅದು ತಪ್ಪು. (ದ್ರಾವಕ ಅಂದರೆ ಜಿಡ್ಡು, ಗೋಂದು ಮುಂತಾದವನ್ನು ಕರಗಿಸುವ ರಾಸಾಯನಿಕ.)

ಮಾಲಿನ್ಯವನ್ನು ಮೂಲದಲ್ಲೇ ತಡೆದರೆ ಕಾರ್ಮಿಕರಿಗೂ ಒಳ್ಳೆಯದು, ಇದು ನಿಜ. ವಿಷಕಾರಿ ವಸ್ತುವನ್ನು ಬಳಸದೇ ಇದ್ದರೆ ಅದನ್ನು ಉಸಿರಾಡುವ ಮಾತೇ ಇಲ್ಲ. ಆದರೆ ಅದರ ಜಾಗಕ್ಕೆ ಏನು ಬಂತು ಅಂತ ನೋಡಬೇಕು ಅಲ್ವಾ?

1987ರ ಮಾಂಟ್ರಿಯಲ್ ಒಪ್ಪಂದದ ನಂತರ ಓಝೋನ್ ಪದರ ಕೆಡಿಸುವ ದ್ರಾವಕಗಳನ್ನು ಕೈಬಿಡಲಾಯಿತು. ಬದಲಿಯಾಗಿ ಬಂದವುಗಳಲ್ಲಿ 1-ಬ್ರೋಮೋಪ್ರೊಪೇನ್ ಒಂದು. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು, ಕುಶನ್‌ನ ಫೋಮ್ ಅಂಟಿಸುವ ಸ್ಪ್ರೇ ಗೋಂದಿನಲ್ಲಿ ಅದನ್ನು ಬಳಸಿದರು. ಸ್ಪ್ರೇ ಗನ್ ಹಿಡಿದು ಆ ಆವಿಯಲ್ಲೇ ನಿಂತವರಲ್ಲಿ ಕೆಲವರಿಗೆ ಕಾಲು ಜೋಮು ಹಿಡಿಯಿತು, ನಡೆಯೋದೇ ಕಷ್ಟವಾಯಿತು. ನರಗಳಿಗೇ ಪೆಟ್ಟು ಬಿದ್ದಿತ್ತು. 2022ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಅಪಾಯಕಾರಿ ವಾಯು ಮಾಲಿನ್ಯಕಾರಕಗಳ ಪಟ್ಟಿಗೆ ಸೇರಿಸಿತು.

ದ್ರಾವಕ ಬಿಟ್ಟು ಬಿಸಿ ಕ್ಷಾರದ ನೀರಿನಲ್ಲಿ ತೊಳೆದರೆ? ಆವಿಯ ಕಾಟ ತಪ್ಪುತ್ತದೆ. ಆದರೆ ಕೈ ಸುಡಬಹುದು, ನೆಲ ಜಾರಬಹುದು. ಗ್ಲೌಸ್ ಬೇಕೇ ಬೇಕು.

ಇನ್ನೊಂದು ಮಾತು. ಬಟ್ಟೆ ಮಾಸ್ಕ್ ದ್ರಾವಕದ ಆವಿಯನ್ನು ತಡೆಯೋದಿಲ್ಲ. ಅದಕ್ಕೆ ಬೇರೆಯದೇ ಕಾರ್ಟ್ರಿಡ್ಜ್ (ಆವಿಯನ್ನು ಹೀರಿಕೊಳ್ಳುವ ಡಬ್ಬಿ) ಇರುವ ಮಾಸ್ಕ್ ಬೇಕು. ಯಾವುದು ಅಂತ ಆ ರಾಸಾಯನಿಕದ ಜೊತೆ ತಯಾರಕರು ಕೊಡುವ ಸುರಕ್ಷತಾ ಮಾಹಿತಿ ಪತ್ರದ (SDS) 8ನೇ ಭಾಗ ನೋಡಿ. ಡಬ್ಬದ ಮೇಲಿನ ಹಸಿರು ಎಲೆಯ ಚಿತ್ರ ನೋಡಿ ಸುಮ್ನೆ ನಂಬಬೇಡಿ.

ದಯವಿಟ್ಟು ಹಳೆ ಮೆಸೇಜನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.