ಕುರ್ಚಿ ಕೇಳಿದರೆ ಬೆಟ್ಟ ಕೊಟ್ಟರು

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನಗರಾಡಳಿತಕ್ಕೆ ಯಾರಾದರೂ ಸಕಾಲದಲ್ಲಿ ಕಲಿಸಿದ್ದರೆ ಸುಮಾರು 60 ಲಕ್ಷ ಪೌಂಡ್ ಉಳಿಯುತ್ತಿತ್ತು. ಕೋವಿಡ್ ನಿರ್ಬಂಧಗಳು ಸಡಿಲಗೊಂಡ 2021ರಲ್ಲಿ ಆಕ್ಸ್‌ಫರ್ಡ್ ಬೀದಿಗೆ ಗಿರಾಕಿಗಳನ್ನು ಮರಳಿ ಕರೆತರಬೇಕಿತ್ತು. ಬೀದಿಯಲ್ಲಿ ನಾಲ್ಕು ಜನ ಕೂರಲು ಜಾಗ ಮಾಡಬಹುದಿತ್ತು, ಒಂದಿಷ್ಟು ನೆರಳು ಮಾಡಬಹುದಿತ್ತು. ಆದರೆ ಇಂಥ ಬಡಕಲು ಆಲೋಚನೆಗಳು ಪತ್ರಿಕಾಗೋಷ್ಠಿಯಲ್ಲಿ ಶೋಭಿಸುವುದಿಲ್ಲ. ಹಾಗಾಗಿ ಬೀದಿಯ ತುದಿಯಲ್ಲಿ, ಮಾರ್ಬಲ್ ಆರ್ಚ್ ಎಂಬ ಕಮಾನಿನ ಪಕ್ಕದಲ್ಲಿ, 25 ಮೀಟರ್ ಎತ್ತರದ ಬೆಟ್ಟವೊಂದನ್ನು ಕಟ್ಟುವುದೆಂದು ತೀರ್ಮಾನವಾಯಿತು. ಒಳಗೆ ಕಬ್ಬಿಣದ ಕಂಬಗಳ ಅಟ್ಟಣಿಗೆ, ಮೇಲೆ ಮಣ್ಣು, ಹುಲ್ಲು, ಗಿಡ.

ನಕ್ಷೆಯಲ್ಲಿ ಆ ಬೆಟ್ಟ ಹಚ್ಚಹಸಿರಾಗಿ ಕಂಗೊಳಿಸಿತ್ತು. ಜುಲೈ 26ರಂದು ಬಾಗಿಲು ತೆರೆದಾಗ ಜನ ಕಂಡದ್ದು ಅಲ್ಲಲ್ಲಿ ಬಾಡಿದ ಗಿಡಗಳನ್ನು, ತೇಪೆ ಹಾಕಿದಂತಿದ್ದ ಹುಲ್ಲನ್ನು. ಹತ್ತಲು ಟಿಕೆಟ್ ಬೇರೆ. ಎರಡೇ ದಿನಗಳಲ್ಲಿ ನಗೆಪಾಟಲಾಗಿ ಟಿಕೆಟ್ ಮಾರಾಟ ನಿಂತಿತು, ಹಣ ವಾಪಸು ಕೊಡಬೇಕಾಯಿತು. 33 ಲಕ್ಷ ಪೌಂಡ್ ಎಂದಿದ್ದ ಅಂದಾಜು 60 ಲಕ್ಷ ತಲುಪಿತ್ತು. ನಗರಾಡಳಿತದ ಉಪನಾಯಕರು ರಾಜೀನಾಮೆ ಕೊಟ್ಟರು. ಮರು ಜನವರಿಯಲ್ಲಿ ಬೆಟ್ಟವೇ ಮುಚ್ಚಿತು. ಬೆಟ್ಟ ಅಗೆದು ಇಲಿ ಹಿಡಿದವರ ಬಗ್ಗೆ ಕೇಳಿದ್ದೇವೆ. ಇಲಿ ಹಿಡಿಯಲೆಂದೇ ಬೆಟ್ಟ ಕಟ್ಟಿ, ಆಮೇಲೆ ಅಗೆದವರು ಇವರೇ ಮೊದಲಿಗರಿರಬೇಕು. (ನ್ಯಾಯವಾಗಿ ಹೇಳುವುದಾದರೆ, ಪ್ರವೇಶ ಉಚಿತವಾದ ಮೇಲೆ ಜನ ಸಾಕಷ್ಟು ಬಂದರು. ಜಾರಿ ಬಿದ್ದವರನ್ನು ನೋಡಲು ಜನ ಸೇರುವುದು ಎಲ್ಲ ಊರಿನಲ್ಲೂ ಉಂಟು.)

ಆ ಬೆಟ್ಟವನ್ನಾದರೂ ಹತ್ತಬಹುದಿತ್ತು. ಅದೇ ನಗರದಲ್ಲಿ ಥೇಮ್ಸ್ ನದಿಗೆ ಅಡ್ಡಲಾಗಿ ಒಂದು ಉದ್ಯಾನ ಸೇತುವೆ ಕಟ್ಟುವ ಯೋಜನೆಯಿತ್ತು. 2017ರಲ್ಲಿ ಅದನ್ನು ಕೈಬಿಡುವ ಹೊತ್ತಿಗೆ ಸುಮಾರು 5.3 ಕೋಟಿ ಪೌಂಡ್ ಖರ್ಚಾಗಿತ್ತು. ಅದರಲ್ಲಿ ಹೆಚ್ಚಿನ ಪಾಲು ಸಾರ್ವಜನಿಕರ ದುಡ್ಡು. ಸೇತುವೆ? ಕಟ್ಟಲು ಶುರುವೇ ಮಾಡಿರಲಿಲ್ಲ. ಇಲ್ಲದ ಸೇತುವೆಗೆ ನಿರ್ವಹಣಾ ವೆಚ್ಚವೂ ಇಲ್ಲ ಎಂಬುದೊಂದೇ ಸಮಾಧಾನ.

ಇದನ್ನೆಲ್ಲ ಬುದ್ಧಿಗೇಡಿತನ ಎನ್ನಲು ನನಗೆ ಮನಸ್ಸಿಲ್ಲ. ಅನುದಾನದ ಶಾಸ್ತ್ರ ಬಲ್ಲವರಿಗೆ ಇದು ಶುದ್ಧ ತರ್ಕ. ಯಾವುದಕ್ಕೆ ಟೇಪು ಕಟ್ಟಿ ಕತ್ತರಿಸಬಹುದೋ ಅದಕ್ಕೆ ಮಾತ್ರ ಹಣ ಬರುತ್ತದೆ. ಕಾರಂಜಿಗೆ ಟೇಪು ಕಟ್ಟಬಹುದು. ಕಸ ಗುಡಿಸುವ ಕೆಲಸಕ್ಕೆ ಎಲ್ಲಿಂದ ಎಲ್ಲಿಗೆ ಕಟ್ಟುತ್ತೀರಿ? ಆದ್ದರಿಂದ ಕಾರಂಜಿ ಬಂಡವಾಳ ವೆಚ್ಚದ ಖಾತೆಯಿಂದ ಧಾರಾಳವಾಗಿ ಹುಟ್ಟುತ್ತದೆ. ಅದಕ್ಕೆ ಬೇಕಾದ ನೀರು, ವಿದ್ಯುತ್ತು, ಪಾಚಿ ಕೆರೆಯುವ ಆಳು ಇವೆಲ್ಲ ನಿರ್ವಹಣೆಯ ಖಾತೆಗೆ ಸೇರಿದವು. ಆ ಖಾತೆಯಲ್ಲಿ ಇರುವುದು ಖಾತೆಯ ಹೆಸರು ಮಾತ್ರ. ಮೂರನೆಯ ವರ್ಷಕ್ಕೆ ಕಾರಂಜಿ ಸೊಳ್ಳೆಗಳ ಹೆರಿಗೆಮನೆಯಾಗುತ್ತದೆ. ಆಗ ‘ಕಾರಂಜಿ ಪುನಶ್ಚೇತನ’ ಎಂಬ ಹೊಸ ಯೋಜನೆ. ಮತ್ತೆ ಟೇಪು.

ಜನರನ್ನು ಕೇಳಿಯೇ ಮಾಡುತ್ತಾರೆ ಎಂಬುದನ್ನೂ ಮರೆಯಬಾರದು. ಅಭಿಪ್ರಾಯ ಸಂಗ್ರಹ ಸಭೆಯಲ್ಲಿ ಗೋಡೆಗೆ ದೊಡ್ಡ ಹಾಳೆ ಅಂಟಿಸಿರುತ್ತಾರೆ, ಎಲ್ಲರ ಕೈಗೂ ಬಣ್ಣಬಣ್ಣದ ಚೀಟಿ ಕೊಡುತ್ತಾರೆ. ಜನ ಬರೆಯುವುದು ಮೂರೇ ಸಂಗತಿ: ಕೂರಲು ಜಾಗ, ನೆರಳು, ಶೌಚಾಲಯ. ಆರು ತಿಂಗಳ ನಂತರ ಸಲಹೆಗಾರರ ವರದಿಯಲ್ಲಿ ಆ ಮೂರೂ ಸೇರಿ ‘ಬಹುಆಯಾಮದ ಅನುಭವ ವಲಯ’ ಆಗಿರುತ್ತವೆ. ಅದರಲ್ಲಿ ಶೌಚಾಲಯ ಎಲ್ಲಿದೆ ಎಂದು ಹುಡುಕುವವನಿಗೆ ತುರ್ತಿರಬಾರದು, ಅಷ್ಟೆ.

ಹಾಗೆಂದು ಜನ ಎಲ್ಲಿ ಕೂರುತ್ತಾರೆ ಎಂಬುದು ಬ್ರಹ್ಮರಹಸ್ಯವೇನೂ ಅಲ್ಲ. ನ್ಯೂಯಾರ್ಕ್ ನಗರ 1961ರಲ್ಲಿ ಒಂದು ನಿಯಮ ತಂದಿತು: ಕಟ್ಟಡದ ಮುಂದೆ ಸಾರ್ವಜನಿಕರಿಗೆ ಬಯಲು ಬಿಟ್ಟರೆ, ಅದಕ್ಕೆ ಪ್ರತಿಯಾಗಿ ಹೆಚ್ಚು ಮಹಡಿ ಕಟ್ಟಿಕೊಳ್ಳಬಹುದು. ಕಟ್ಟಡದವರು ಬಯಲನ್ನೇನೋ ಬಿಟ್ಟರು. ಕೂರಲು ಏನನ್ನೂ ಬಿಡಲಿಲ್ಲ. ಮಹಡಿಗಳು ಮುಗಿಲಿಗೇರಿದವು, ಅನೇಕ ಬಯಲುಗಳಲ್ಲಿ ಗಾಳಿ ಮಾತ್ರ ಅಡ್ಡಾಡುತ್ತಿತ್ತು. ವಿಲಿಯಂ ವೈಟ್ ಎಂಬ ಸಂಶೋಧಕ 1970ರ ದಶಕದಲ್ಲಿ ಕ್ಯಾಮೆರಾ ಹಿಡಿದು ಈ ಬಯಲುಗಳನ್ನು ವರ್ಷಗಟ್ಟಲೆ ನೋಡುತ್ತ ಕುಳಿತ. ಅಷ್ಟೆಲ್ಲ ನೋಡಿ ಅವನು ಕಂಡುಕೊಂಡದ್ದು: ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ. ಜನರನ್ನು ಸೆಳೆಯುವುದು ಜನರೇ. ತಿನ್ನಲು ಏನಾದರೂ ಮಾರುವ ಗಾಡಿಯೊಂದು ಬಂದರೆ ಇನ್ನಷ್ಟು ಜನ ಬರುತ್ತಾರೆ. ಯಾವ ಅಜ್ಜಿಯನ್ನು ಕೇಳಿದ್ದರೂ ಹೇಳುತ್ತಿದ್ದ ಮಾತು. ಅಜ್ಜಿಯ ಬಳಿ ಕ್ಯಾಮೆರಾ ಇರಲಿಲ್ಲ.

ಅವನು ಗಮನಿಸಿದ ಒಂದು ಸಂಗತಿ ನನಗೆ ಬಹಳ ಇಷ್ಟ. ಎತ್ತಿಡಬಹುದಾದ ಕುರ್ಚಿ ಸಿಕ್ಕರೆ ಮನುಷ್ಯ ಸುಮ್ಮನೆ ಹೋಗಿ ಕೂರುವುದಿಲ್ಲ. ಮೊದಲು ಅದನ್ನು ನಾಲ್ಕು ಬೆರಳಿನಷ್ಟು ಆಚೆಗೆ ಸರಿಸುತ್ತಾನೆ, ಮತ್ತೆ ಈಚೆಗೆ ಎಳೆಯುತ್ತಾನೆ. ಕೊನೆಗೆ ಕುರ್ಚಿ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ. ಆದರೆ ಈಗ ಅದು ಅವನ ಕುರ್ಚಿ.

ನ್ಯೂಯಾರ್ಕಿನವರು ಕೊನೆಗೂ ಪಾಠ ಕಲಿತರು. 1992ರಲ್ಲಿ ಬ್ರಯಂಟ್ ಪಾರ್ಕ್ ಮತ್ತೆ ತೆರೆದಾಗ ಎತ್ತಿಡಬಹುದಾದ ಕುರ್ಚಿಗಳನ್ನೇ ಹಾಕಿದರು. 2009ರಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲಿ ಬ್ರಾಡ್‌ವೇ ರಸ್ತೆಗೆ ವಾಹನ ಬಾರದಂತೆ ಮಾಡಿ, ಅಗ್ಗದ ಮಡಚುಕುರ್ಚಿಗಳನ್ನು ಹರಡಿದರು. ಜನ ಬಂದು ಕುಳಿತರು. ಅಂಗಡಿಗಳಿಗೆ ಕಳೆ ಬಂತು. ಕಳೆ ಬಂದ ಹಿಂದೆಯೇ ಬಾಡಿಗೆಯೂ ಏರಿತು. ಸ್ಥಳೀಯ ಆರ್ಥಿಕತೆ ಎಷ್ಟು ಚೆನ್ನಾಗಿ ಉದ್ಧಾರವಾಗಬಲ್ಲದೆಂದರೆ, ಉದ್ಧಾರವಾದ ಮೇಲೆ ಸ್ಥಳೀಯನಿಗೆ ಅಲ್ಲಿ ನಿಲ್ಲಲು ಯೋಗ್ಯತೆ ಸಾಲುವುದಿಲ್ಲ.

ಅದಕ್ಕೆಂದೇ ಬೇರೆ ಕೆಲವರು ಕೂರುವವರನ್ನು ಮೊದಲೇ ನಿಭಾಯಿಸುವ ದಾರಿ ಕಂಡುಕೊಂಡರು. 2012ರಲ್ಲಿ ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಒಂದು ಕಾಂಕ್ರೀಟ್ ಬೆಂಚು ಬಂತು. ಅದರ ಮೇಲೆ ಮಲಗಲಾಗದು, ಸ್ಕೇಟ್‌ಬೋರ್ಡ್ ಆಡಲಾಗದು, ಎಲ್ಲ ಮುಖಗಳೂ ಇಳಿಜಾರು. ಕೂರಬಹುದೇ ಎಂದರೆ, ಕೂರಬಹುದು. ಆದರೆ ಕುಳಿತವನಿಗೆ ತಾನು ಬೇಡದ ನೆಂಟ ಎಂಬುದು ಸೊಂಟದ ಮೂಲಕ ಅರ್ಥವಾಗುತ್ತದೆ. ಬೆಂಚಿನ ನಡುವೆ ಕಬ್ಬಿಣದ ಪಟ್ಟಿ ಬಡಿಯುವುದು ಇದರ ಬಡವರ ಆವೃತ್ತಿ. ಜನರನ್ನು ಸೆಳೆಯಲು ಒಂದು ಕಡತ, ಬಂದವರನ್ನು ಎಬ್ಬಿಸಲು ಇನ್ನೊಂದು ಕಡತ. ಎರಡೂ ಒಂದೇ ಮೇಜಿನ ಮೇಲೆ.

ತಳ್ಳುಗಾಡಿಯವನ ಕಥೆಯಂತೂ ಇನ್ನೂ ಸೊಗಸು. ಯಾರೂ ತಿರುಗಿ ನೋಡದ ಮೂಲೆಯಲ್ಲಿ ಅವನು ಗಾಡಿ ನಿಲ್ಲಿಸುತ್ತಾನೆ, ಜನ ಸೇರುತ್ತಾರೆ. ಜನ ಸೇರಿದ್ದನ್ನು ಕಂಡ ಅಧಿಕಾರಿಗಳು ಇಲ್ಲಿ ಸಾಧ್ಯತೆ ಇದೆ ಎಂದು ಟಿಪ್ಪಣಿ ಬರೆಯುತ್ತಾರೆ. ಟಿಪ್ಪಣಿಯಿಂದ ಅನುದಾನ, ಅನುದಾನದಿಂದ ಗ್ರಾನೈಟ್ ಹಾಸು. ಹಾಸಿನ ಮೇಲೆ ಗಾಡಿ ನಿಂತರೆ ಅಂದ ಕೆಡುವುದಿಲ್ಲವೇ? ಅವನನ್ನು ಎಬ್ಬಿಸಿ, ಅವನು ನಿಲ್ಲುತ್ತಿದ್ದ ಜಾಗದಲ್ಲಿಯೇ ‘ಕಿರು ಉದ್ದಿಮೆಗಳಿಗೆ ಪ್ರೋತ್ಸಾಹ’ ಎಂಬ ಫಲಕ ನೆಡುತ್ತಾರೆ.

ಇಷ್ಟಾದರೂ ಇಂಥ ಪ್ರತಿಯೊಂದು ಚೌಕಕ್ಕೂ ಒಂದು ದಿನ ಸುಖವಿರುತ್ತದೆ, ಉದ್ಘಾಟನೆಯ ದಿನ. ಅಂದು ಬಾಡಿಗೆ ಕುರ್ಚಿಗಳು ಬರುತ್ತವೆ. ಭಾಷಣ ಮುಗಿದ ಮೇಲೂ ಜನ ಏಳುವುದಿಲ್ಲ; ಕುರ್ಚಿಗಳನ್ನು ತಿರುಗಿಸಿ ದುಂಡಗೆ ಕೂತು ಹರಟುತ್ತಾರೆ, ಮಕ್ಕಳು ನಡುವೆ ಓಡಾಡುತ್ತವೆ, ಗಾಡಿಗಳು ಎಲ್ಲಿಂದಲೋ ನುಸುಳಿ ಬರುತ್ತವೆ, ವ್ಯಾಪಾರ ಜೋರಾಗುತ್ತದೆ. ವರದಿಗೆ ಹಾಕುವ ಫೋಟೊ ಆ ಒಂದು ಗಂಟೆಯದು. ಕತ್ತಲಾಗುತ್ತಲೇ ಕುರ್ಚಿಯವರ ಲಾರಿ ಬರುತ್ತದೆ. ಹುಡುಗರು ಹತ್ತು ಹತ್ತರಂತೆ ಕುರ್ಚಿಗಳನ್ನು ಜೋಡಿಸಿ ಎಣಿಸುತ್ತಾರೆ. ಲೆಕ್ಕಕ್ಕೆ ಒಂದು ಕಡಿಮೆ. ಮತ್ತೆ ಎಣಿಸುತ್ತಾರೆ, ಆಗಲೂ ಒಂದು ಕಡಿಮೆ. ಅತ್ತ ದೀಪದ ಕೆಳಗೆ ಅಜ್ಜನೊಬ್ಬ ಅದನ್ನು ನಾಲ್ಕು ಬೆರಳು ಆಚೆಗೆ ಸರಿಸಿ ಕುಳಿತಿದ್ದಾನೆ.