ಮೂರನೇ ಸಂಪುಟದ ತನಕ ತಾಳಿಕೊಳ್ಳಿ

ಚಿಗರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ಅದೇ ಬಸ್ಸಿನಲ್ಲಿ ನಿಂತು, ಇನ್ನೊಬ್ಬರು ಓದುತ್ತಿರುವ ಕಾದಂಬರಿಯಲ್ಲಿ ಯಾರು ಸಾಯುತ್ತಾರೆ ಎಂದು ಹುಬ್ಬಳ್ಳಿಯಿಂದ ಧಾರವಾಡದ ತನಕ ಕೇಳುವಂತೆ ಸಾರಿದವರಿಗೆ ಮಾತ್ರ ಯಾವ ದಂಡವೂ ಇಲ್ಲ. ನಿನ್ನೆ ಸಂಜೆಯಿಂದ ಈ ಅನ್ಯಾಯವನ್ನು ಯಾರ ಮುಂದೆ ತೋಡಿಕೊಳ್ಳುವುದು ಎಂದು ಯೋಚಿಸುತ್ತಿದ್ದೇನೆ. ಮನೆಯಲ್ಲಿ ಹೇಳಿದರೆ, 'ಸತ್ತವರು ನಿಮಗೇನಾಗಬೇಕು?' ಎಂಬ ಪ್ರಶ್ನೆ ಬಂತು.

ನಮ್ಮ ಕಚೇರಿಯಲ್ಲಿ ಓದುವ ಚಟದವರು ನಾಲ್ಕೈದು ಮಂದಿ ಇದ್ದೇವೆ. ಅದರಲ್ಲೂ ಫ್ಯಾಂಟಸಿ, ಅಂದರೆ ಮಾಯಾಲೋಕದ ಕಾದಂಬರಿ ಎಂದರೆ ಊಟ ಬಿಡುವವರು. ಹಿರಿಯರೊಬ್ಬರನ್ನು ನಾವು ಬೆನ್ನ ಹಿಂದೆ ಸಂಪುಟರಾಯರು ಎನ್ನುತ್ತೇವೆ. ಅವರು ಶಿಫಾರಸು ಮಾಡುವ ಯಾವ ಪುಸ್ತಕವೂ ಒಂಟಿಯಾಗಿ ಹುಟ್ಟಿದ್ದಲ್ಲ. ಅದಕ್ಕೆ ಕನಿಷ್ಠ ನಾಲ್ಕು ಒಡಹುಟ್ಟುಗಳಿರಬೇಕು. 'ನೂರು ಪುಟ ಓದಿದೆ ರಾಯರೇ, ಸಪ್ಪೆ ಎನಿಸಿತು' ಎಂದರೆ ಕನ್ನಡಕ ತೆಗೆದು, ಕರವಸ್ತ್ರದಿಂದ ಒರೆಸುತ್ತ, 'ಮೂರನೇ ಸಂಪುಟದ ತನಕ ತಾಳಿಕೊಳ್ಳಿರಿ. ಆಮೇಲೆ ನೋಡಿರಿ' ಎನ್ನುತ್ತಾರೆ. ಮಿರ್ಚಿ ಭಜಿಯವನು ಮೊದಲೆರಡು ಪ್ಲೇಟು ಹಸಿ ಹಿಟ್ಟು ಕೊಟ್ಟು, ಮೂರನೆಯದನ್ನು ಕರಿದು ಕೊಡುತ್ತೇನೆ ಎಂದರೆ ನಾವು ಸುಮ್ಮನಿರುತ್ತೇವೆಯೇ?

ಅವರ ಆರಾಧ್ಯ ದೈವಗಳಲ್ಲಿ ಒಬ್ಬರು ರಾಬರ್ಟ್ ಜೋರ್ಡನ್. 'ವೀಲ್ ಆಫ್ ಟೈಮ್' ಎಂಬ ಮಾಲೆಯನ್ನು 1990ರಲ್ಲಿ ಆರಂಭಿಸಿದವರು, ಮುಗಿಸುವ ಮೊದಲೇ 2007ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಸಂಪುಟಗಳನ್ನು ಬರೆದರು; 2013ರಲ್ಲಿ ಹದಿನಾಲ್ಕನೆಯದು ಹೊರಬಂತು. ಇದನ್ನು ರಾಯರು ಕಣ್ಣಂಚು ಒದ್ದೆ ಮಾಡಿಕೊಂಡು ಹೇಳುತ್ತಿದ್ದಾಗ ಗದಗಿನ ಅಕ್ಕಾವರು ಫೈಲಿನಿಂದ ತಲೆ ಎತ್ತಿದರು. 'ಇದರಲ್ಲೇನು ಹೊಸದು? ನಮ್ಮೂರ ನಾರಣಪ್ಪ, ಅದೇ ಕುಮಾರವ್ಯಾಸ, ಭಾರತದ ಹತ್ತು ಪರ್ವ ಬರೆದು ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯ ತಿಮ್ಮಣ್ಣ ಕವಿಯಿಂದ ಬರೆಸಿದ. ಓದಿದ್ದೀರೇನು?' ಅಕ್ಕಾವರ ಜೊತೆ ಯಾವ ವಾದ ಹೂಡಿದರೂ ಅದು ವೀರನಾರಾಯಣ ಗುಡಿಯ ಕಂಬಕ್ಕೆ ಬಂದು ಒರಗುತ್ತದೆ. ತಿಮ್ಮಣ್ಣನನ್ನು ಯಾರೂ ಓದಿರಲಿಲ್ಲ. ರಾಯರು ಮತ್ತೆ ಕನ್ನಡಕ ಒರೆಸಿಕೊಂಡರು.

ಹೊಸದಾಗಿ ಸೇರಿದ ಹುಡುಗನದು ಬೇರೆಯೇ ವ್ರತ. ಪ್ಯಾಟ್ರಿಕ್ ರಾತ್‌ಫಸ್ ಬರೆಯುತ್ತಿರುವ ಮೂರು ಸಂಪುಟದ ಮಾಲೆಯ ಮೊದಲ ಪುಸ್ತಕ 2007ರಲ್ಲಿ ಬಂತು, ಎರಡನೆಯದು 2011ರಲ್ಲಿ. ಆಗ ಈ ಹುಡುಗ ಶಾಲೆಯಲ್ಲಿದ್ದ. ಈಗ ಅವನಿಗೆ ಹೆಣ್ಣು ನೋಡುತ್ತಿದ್ದಾರೆ, ಮೂರನೆಯದು ಬಂದಿಲ್ಲ. 'ಮೂರನೇ ಸಂಪುಟದ ತನಕ ತಾಳಿಕೊಳ್ಳಿ' ಎಂಬ ಉಪದೇಶವನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ.

ನನ್ನನ್ನು ಕೇಳಿದರೆ ಉರ್ಸುಲಾ ಲೆ ಗ್ವಿನ್ ಸಾಕು. 1968ರ 'ಎ ವಿಝರ್ಡ್ ಆಫ್ ಅರ್ಥ್‌ಸೀ' ತೆಳ್ಳಗಿನ ಪುಸ್ತಕ; ಒಬ್ಬ ಹುಡುಗ, ಅವನ ಅಹಂಕಾರ, ಅದರಿಂದ ಹುಟ್ಟಿದ ನೆರಳು, ಅಷ್ಟೇ. ಟೋಲ್ಕಿನ್ ಕೂಡ ಇರಲಿ. ಬೆಳಗಿನ ಎರಡನೇ ಉಪಾಹಾರಕ್ಕೆ ಕೂರುವ ಅವರ ಕುಳ್ಳ ಹಾಬಿಟ್‌ನನ್ನು ಧಾರವಾಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟೆರ್ರಿ ಪ್ರ್ಯಾಚೆಟ್ 'ಡಿಸ್ಕ್‌ವರ್ಲ್ಡ್' ಸರಣಿಯಲ್ಲಿ 41 ಕಾದಂಬರಿ ಬರೆದರೂ ಎಲ್ಲಿಂದ ಬೇಕಾದರೂ ಕೈಗೆತ್ತಿಕೊಳ್ಳಬಹುದು, ಪುಣ್ಯಾತ್ಮ. ಇಷ್ಟು ಹೇಳಿದ್ದಕ್ಕೆ ರಾಯರು ನನ್ನನ್ನು ಕರುಣೆಯಿಂದ ನೋಡಿ, 'ನೀವಿನ್ನೂ ದೊಡ್ಡದಕ್ಕೆ ಕೈ ಹಾಕಿಲ್ಲ' ಎಂದು ಜಾರ್ಜ್ ಆರ್. ಆರ್. ಮಾರ್ಟಿನ್‌ರ ಮಾಲೆಯನ್ನು ಹೊರಿಸಿದರು. 1996ರಲ್ಲಿ ಶುರುವಾದದ್ದು, ಐದನೆಯದು 2011ರಲ್ಲಿ ಬಂದಿದೆ, ಆರನೆಯದಕ್ಕೆ ಜಗತ್ತೇ ಕಾಯುತ್ತಿದೆ. ಹಟ ಹಿಡಿದು ಓದಿದೆ. ನಿಜ ಹೇಳಬೇಕೆಂದರೆ ಹಟ ಬೇಕಾಗಲಿಲ್ಲ, ಹಿಡಿಸಿತು. ಅದನ್ನು ರಾಯರಿಗೆ ಹೇಳಿರಲಿಲ್ಲ.

ನಿನ್ನೆ ಸಂಜೆ ಬಸ್ಸು ಉಣಕಲ್ ದಾಟುವಾಗ ನನ್ನ ಕೈಯಲ್ಲಿ ಮೂರನೇ ಸಂಪುಟವಿತ್ತು. ರಾಯರು ಮೇಲಿನ ಹಿಡಿಕೆಗೆ ಜೋತುಬಿದ್ದು ಬಗ್ಗಿ ನೋಡಿದರು. 'ಆ ಮದುವೆ ಬಂತೇ?'

'ಯಾವ ಮದುವೆ?'

'ಇನ್ನೂ ಬಂದಿಲ್ಲವೇ? ಹಾಗಾದರೆ ನಾನು ಹೇಳುವುದಿಲ್ಲ' ಎಂದು ಹೇಳಲು ಆರಂಭಿಸಿದರು.

ಯಾರದೆಂದು ನಾನಿಲ್ಲಿ ಬರೆಯುವುದಿಲ್ಲ, ನನಗಾದದ್ದು ನಿಮಗಾಗಬಾರದು. ರಾಯರ ಧ್ವನಿಯಾದರೋ ಹಳ್ಳಿಯ ಶಾಖೆಗಳಿಗೆ ಫೋನಿನಲ್ಲಿ ಕೂಗಿ ಕೂಗಿ ಪಳಗಿದ್ದು. 'ಊಟಕ್ಕೆ ಕೂರಿಸಿ, ಬಾಗಿಲು ಹಾಕಿ, ವಾದ್ಯ ನುಡಿಸುತ್ತಿದ್ದವರೇ ಬಾಣ ಬಿಟ್ಟರು ನೋಡಿರಿ! ತಾಯಿ, ಮಗ, ಇಬ್ಬರೂ ಅಲ್ಲಿಯೇ!' ಬಸ್ಸು ಸ್ತಬ್ಧವಾಯಿತು. ಮುಂದಿನ ನಿಲ್ದಾಣ ಬೈರಿದೇವರಕೊಪ್ಪ ಎಂದು ಯಂತ್ರದ ಹೆಣ್ಣುಧ್ವನಿ ಮಾತ್ರ ಶಾಂತವಾಗಿ ನುಡಿಯಿತು.

ಇಳಕಲ್ಲ ಸೀರೆಯ ಅಜ್ಜಿಯೊಬ್ಬರು ಮಡಿಲಿನ ಮೆಂತ್ಯದ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡರು. 'ಯಾವ ಊರಿನಲ್ಲಿ, ತಮ್ಮಾ?'

'ಉತ್ತರದ ಕಡೆಯವರು ಅಜ್ಜೀ.'

'ಸೊಲ್ಲಾಪುರದವರೋ?'

'ಇನ್ನೂ ಮೇಲೆ.'

ಕಥೆ ಎಂದು ಒಂದು ಮಾತು ಹೇಳಬಹುದಿತ್ತಲ್ಲ? ಹೇಳಲಿಲ್ಲ. ಇಂಥ ಶ್ರೋತೃಗಳು ಅವರಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. 'ಹುಡುಗ ಒಂದು ಮನೆಯ ಹೆಣ್ಣನ್ನು ಮಾಡಿಕೊಳ್ಳುತ್ತೇನೆಂದು ಮಾತು ಕೊಟ್ಟು, ಬೇರೊಬ್ಬಳನ್ನು ಮಾಡಿಕೊಂಡ. ಹೆಣ್ಣಿನ ತಂದೆಗೆ ಅವಮಾನವಾಯಿತು' ಎಂದರು. ಅಲ್ಲಿಂದ ಬಸ್ಸು ಎರಡು ಪಕ್ಷವಾಯಿತು. ನಿಶ್ಚಿತಾರ್ಥ ಆಗಿತ್ತೋ ಬರೀ ಮಾತುಕತೆಯೋ ಎಂದು ಒಬ್ಬರು ಕೇಳಿದರು. ಹಿರಿಯರು ಕುಳಿತು ಬಗೆಹರಿಸಬೇಕಿತ್ತು ಎಂದು ಇನ್ನೊಬ್ಬರು. ಮಾತು ತಪ್ಪಿದವನದೇ ತಪ್ಪು, ಆದರೆ ಉಂಡ ಮನೆಯಲ್ಲಿ ಹೀಗೆ ಮಾಡಬಾರದಿತ್ತು ಎಂದು ಅಜ್ಜಿ. 'ಪೇಪರಿನಲ್ಲಿ ಬಂದೇ ಇಲ್ಲವಲ್ಲ' ಎಂದು ಹಿಂದಿನ ಸೀಟಿನವರು ಮೊಬೈಲ್ ತೆಗೆದು ಹುಡುಕತೊಡಗಿದರು.

ತಡೆಯಲಾರದೆ ನಾನು, 'ಅಜ್ಜೀ, ಇದೆಲ್ಲ ಕಥೆ, ಈ ಪುಸ್ತಕದಲ್ಲಿರುವುದು' ಎಂದೆ. ಅವರು ನನ್ನ ಮುಖವನ್ನು ದಿಟ್ಟಿಸಿದರು. 'ಕಥೆಯಾದರೆ ನೀನೇಕೆ ಇಷ್ಟು ಸಂಕಟ ಪಡುತ್ತಿದ್ದೀ? ಸತ್ತವನು ನಿನಗೆ ಸಂಬಂಧಿಕನೇ?'

ನವನಗರದಲ್ಲಿ ಇಳಿಯುವಾಗ ಅವರು ಬಾಗಿಲಲ್ಲಿ ತಿರುಗಿ, 'ಅಂದಹಾಗೆ, ಆ ಹೆಣ್ಣಿಗೆ ಬೇರೆ ಗಂಡು ಗೊತ್ತಾಯಿತೇ?' ಎಂದು ಕೇಳಿದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ರಾಯರು ಗಾಜಿನ ಒಳಗಿನಿಂದ ಕೈಸನ್ನೆಯಲ್ಲಿ ಮುಂದಿನ ಭಾಗ ವಿವರಿಸುತ್ತಿದ್ದಂತೆಯೇ ಬಸ್ಸು ಹೊರಟಿತು.

ರಾತ್ರಿ ಪುಸ್ತಕ ತೆರೆಯಲು ಮನಸ್ಸಾಗಲಿಲ್ಲ. ಸವಣೂರಿನ ನಮ್ಮ ಅಜ್ಜಿ ನೆನಪಾದಳು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿದೆ ಎಂಬುದು ನಮಗೆಲ್ಲ ಗೊತ್ತಿತ್ತು, ರಾಜಕುಮಾರ ಅದರ ಕತ್ತು ಮುರಿಯುತ್ತಾನೆ ಎಂಬುದೂ ಗೊತ್ತಿತ್ತು. ಆದರೂ ದಿನವೂ ಅದೇ ಕಥೆ ಬೇಕಿತ್ತು. ಎಷ್ಟೋ ಸಲ ನಾಲ್ಕನೇ ಸಮುದ್ರದಲ್ಲಿಯೇ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು. ಹೂಂಗುಡುತ್ತಿದ್ದ ನಾವು ಕತ್ತಲಲ್ಲಿ ಉಳಿದ ಮೂರನ್ನು ನಮಗೆ ನಾವೇ ದಾಟಿಕೊಳ್ಳುತ್ತಿದ್ದೆವು. ಆಗ ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ಆದರೆ ಅಜ್ಜಿ ಆ ಗಿಳಿಯ ಹತ್ತಿರ ಬರಲು ಎರಡು ಸಂಪುಟ ಹೊರಿಸುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಇವತ್ತು ಬೆಳಿಗ್ಗೆ ರಾಯರು ಪ್ರಾಯಶ್ಚಿತ್ತದ ಮುಖ ಮಾಡಿಕೊಂಡು ಬಂದು ನನ್ನ ಮೇಜಿನ ಮೇಲೆ ಹೊಸದೊಂದು ದಪ್ಪ ಪುಸ್ತಕವಿಟ್ಟರು. ಸ್ಟೀವನ್ ಎರಿಕ್ಸನ್. 'ಮೊದಲನೆಯದರಲ್ಲಿ ಯಾರು ಯಾರೆಂದೇ ತಿಳಿಯುವುದಿಲ್ಲ, ಹೆದರಬೇಡಿರಿ' ಎಂದರು.

'ಒಟ್ಟು ಎಷ್ಟಿವೆ?'

'ಹತ್ತೇ. 2011ರಲ್ಲಿ ಮುಗಿದುಹೋಗಿದೆ' ಎಂದು ಮುಗಿದುಹೋಗಿದೆ ಎಂಬುದನ್ನು ಒತ್ತಿ ಹೇಳಿದರು.

ಗದಗಿನ ಅಕ್ಕಾವರು ಫೈಲಿನಿಂದ ತಲೆ ಎತ್ತದೆಯೇ ಕೇಳಿದರು: 'ಹತ್ತಾದ ಮೇಲಿನದನ್ನು ಯಾರು ಬರೆದರು?'